ಬಾಣಂತಿ ನವಿಲಿನ ಸಂದರ್ಶನ

ದರೋಜಿ ಕರಡಿಧಾಮದ ಅಂಚು. ಗಂಡು ನವಿಲು ಪ್ರವಾಸಿಗರ ಕ್ಯಾಮೆರಾಗಳಿಗೆ ಪೋಸು ಕೊಡುವುದರಲ್ಲಿ ಮುಳುಗಿದ್ದರಿಂದ, ಬಂಡೆಯ ಮರೆಯಲ್ಲಿ ನಾಲ್ಕು ಮರಿ ಮೇಯಿಸುತ್ತಿದ್ದ ಹೆಣ್ಣು ನವಿಲನ್ನೇ ಮಾತಾಡಿಸಬೇಕಾಯಿತು. ಅದೇ ಒಳ್ಳೆಯದಾಯಿತು ಅನ್ನಿ.

ಅಮ್ಮಾ, ರಾಷ್ಟ್ರಪಕ್ಷಿಯಾಗಿ ಅರವತ್ತು ವರ್ಷ ದಾಟಿತಲ್ಲ?

1963ರಾಗ ಆ ಪಟ್ಟ ಕೊಟ್ಟಿದ್ದು ನಮ್ಮ ಯಜಮಾನ್ರ ಗರಿ ನೋಡಿ ಕಣಪ್ಪ. ಹತ್ತಿರ ಹತ್ತಿರ ತಿಂಗಳು ನೆಲದ ಮ್ಯಾಲೆ ಕಾವು ಕೂತಾಕಿ ನಾನು. ಅವ್ರು ಆಗ ಬೇರೆಯವ್ರ ಮುಂದೆ ಕುಣೀತಿದ್ರು. ಮರಿ ಎಷ್ಟು ಅಂತ ಇವತ್ತಿಗೂ ಗೊತ್ತಿಲ್ಲ ಅವ್ರಿಗೆ.

ಯಾವ ಜಿಲ್ಲೆ ನಿಮ್ಮದು?

ಬೆಳಗ್ಗೆ ಹೊಸಪೇಟೆ ಸೀಮೆ, ಸಂಜೆ ಸಂಡೂರು ಸೀಮೆ. 2021ರಾಗ ವಿಜಯನಗರ ಜಿಲ್ಲೆ ಮಾಡಿದ ಮ್ಯಾಲೆ ಮೇಯೋಕೆ ಒಂದು ಜಿಲ್ಲೆ, ಮಲಗೋಕೆ ಇನ್ನೊಂದು ಆಗೈತೆ. ಎರಡೂ ಕಡೆ ರೇಷನ್ ಕಾರ್ಡ್ ಇಲ್ಲ.

ಅದಕ್ಕೇ ಕರಡಿ ಊಟಕ್ಕೆ ಕೈ ಹಾಕೋದೇ?

ಕೈ ಎಲ್ಲೈತಪ್ಪ ನಮಗೆ? ಅರಣ್ಯ ಇಲಾಖೆಯೋರು ಬಂಡೆ ಮ್ಯಾಲೆ ಬೆಲ್ಲ, ಜೋಳ ಕಲಸಿ ಬಳೀತಾರ. ಕರಡಿ ಬರೋತನಕ ಅದರ ಗುಣಮಟ್ಟ ಪರೀಕ್ಷೆ ಮಾಡ್ತೀವಿ, ಅಷ್ಟೇ. ಮರಿಗೆ ಮಾತ್ರ ಆ ಸಿಹಿ ಬ್ಯಾಡ. ಮೊದಲ ವಾರಗಳು ಅವಕ್ಕೆ ಹುಳನೇ ಬೇಕು: ಗೆದ್ದಲು, ಇರುವೆ, ಮಿಡತೆ ಮರಿ. ಕೊಕ್ಕಿನಾಗ ಹಿಡಿದು ತೋರಿಸ್ತೀನಿ, ಕಿತ್ಕೊಂಡು ತಿಂತಾವ. ನಮ್ಮಕ್ಕನ ಮರಿಯೊಂದನ್ನ ಯಾರೋ ಪುಣ್ಯಾತ್ಮರು ಮನೆಗೆ ಒಯ್ದು ಹಾಲಿನಾಗ ಬ್ರೆಡ್ಡು ನೆನೆಸಿ ತಿನ್ನಿಸಿದ್ರು. ಹಕ್ಕಿಗೆ ಹಾಲು ಅರಗೋದಿಲ್ಲ. ಮೂರನೇ ದಿನ ಸತ್ತಾಗ ದೃಷ್ಟಿ ತಾಕಿತು ಅಂದ್ರು.

ಕೆಲವರು ನಿಮ್ಮ ಮೊಟ್ಟೆ ತಂದು ಜವಾರಿ ಕೋಳಿಯ ಕೆಳಗೆ ಇಡ್ತಾರೆ. ಪುಕ್ಕಟೆ ದಾದಿ ಸಿಕ್ಕ ಹಾಗಲ್ಲವೇ?

(ಕತ್ತು ಚಾಚಿ) ದಾದಿ ಮ್ಯಾಲೆ ನನ್ನ ತಕರಾರಿಲ್ಲ, ಅದರ ಅಂಗಳದ ಮಣ್ಣಿನ ಮ್ಯಾಲೆ ಐತೆ. ಕೋಳಿ ಕರುಳಿನಾಗ ಒಂದು ಸಣ್ಣ ಹುಳ ಇರ್ತದೆ. ಅದು ಇಡೋ ಮೊಟ್ಟೆಯೊಳಗೆ ಬ್ಲ್ಯಾಕ್‌ಹೆಡ್ ರೋಗದ ಜೀವಿ ಕೂತಿರ್ತದೆ. ಹಿಕ್ಕೆ ಜೊತೆ ನೆಲಕ್ಕೆ ಬಿದ್ದು ವರ್ಷಗಟ್ಟಲೆ ಕಾಯ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ನಮ್ಮ ಮರಿ ಅದನ್ನ ಕುಕ್ಕಿದ್ರ ಪಿತ್ತಜನಕಾಂಗ ಕೊಳೀತದೆ, ರೆಕ್ಕೆ ಜೋಲು ಬೀಳ್ತದೆ, ಹಿಕ್ಕೆ ಗಂಧಕದಂಗೆ ಹಳದಿ ಆಗ್ತದೆ. ಅದು ತಪ್ಪಿದ್ರ ಕೊಕ್ಕರೆ ರೋಗ. ಅದೂ ತಪ್ಪಿದ್ರ ಮಳೆಗಾಲದ ಒದ್ದೆ ಬುಟ್ಟಿಯಾಗ ರಕ್ತಭೇದಿ. ನಾನು ದಿನಾ ಜಾಗ ಬದಲಿಸ್ತೀನಿ, ಒಣ ನೆಲ ಹುಡುಕ್ತೀನಿ, ರೆಕ್ಕೆ ಬಲಿತ ಮ್ಯಾಲೆ ಮರ ಹತ್ತಿಸಿ ನನ್ನ ರೆಕ್ಕೆಯಡಿ ಮಲಗಿಸ್ತೀನಿ. ಬುಟ್ಟಿಯಾಗ ಇದ್ಯಾವುದು ಸಾಧ್ಯ ಹೇಳು?

ಪ್ರೀತಿಯಿಂದ ಸಾಕ್ತೇವೆ ಅಂತಾರಲ್ಲ?

ಪ್ರೀತಿಗೆ ಕಾಯ್ದೆ ಐತಪ್ಪ, 1972ರದ್ದು. ನಾವು ಅದರ ಮೊದಲ ಪಟ್ಟಿಯಾಗ ಇದೀವಿ. ಗೂಡಿನ ಮೊಟ್ಟೆ ಕದಲಿಸಿದ್ರೂ ಅದರ ಲೆಕ್ಕದಾಗ ಬೇಟೆನೇ. ಕಡಿಮೆ ಅಂದ್ರ ಮೂರು ವರ್ಷ ಜೈಲು, 25,000 ರೂಪಾಯಿ ದಂಡ. ಇಷ್ಟು ತುಟ್ಟಿ ಕೋಳಿ ಸಾಕಣೆ ಮತ್ತೆಲ್ಲೂ ಇಲ್ಲ.

ರೈತರಿಗೂ ನಿಮ್ಮ ಮೇಲೆ ಸಿಟ್ಟಿದೆ.

ಇರಬೇಕಾದ್ದೇ. ಶೇಂಗಾ ಕೆದರ್ತೀವಿ, ಮೊಳಕೆ ಕೀಳ್ತೀವಿ, ಸುಳ್ಳು ಹೇಳೋದಿಲ್ಲ. ಅವ್ರ ನಷ್ಟಕ್ಕೆ ಪರಿಹಾರ ಕೊಡೋದು ಸರ್ಕಾರದ ಕೆಲಸ, ನನ್ನ ಹತ್ರ ದುಡ್ಡಿಲ್ಲ. ಆದ್ರ ಔಷಧಿ ಸವರಿದ ಬಿತ್ತನೆ ಬೀಜ ಹೊಲದ ಮ್ಯಾಲೆ ಚೆಲ್ಲಿ ಹೋಗಬ್ಯಾಡ್ರಿ, ಮಣ್ಣಿನಾಗ ಮುಚ್ರಿ. ಕಂಪ್ಲಿ ಗದ್ದೆಗೆ ಔಷಧಿ ಹೊಡೆದ ಮರುದಿನ ಒದ್ದಾಡೋ ಹುಳ ಸುಲಭಕ್ಕೆ ಸಿಗ್ತಾವ. ಮರಿಗೆ ಅವೇ ಮೊದಲು ಕಾಣ್ತಾವ.

ಒಂಟಿ ಮರಿ ಕಂಡರೆ ಓದುಗರು ಏನು ಮಾಡಬೇಕು?

ದೂರ ಸರೀರಿ, ನಾಯಿ ಇದ್ರ ಹಿಡ್ಕೊಳ್ರಿ. ತಾಯಿ ಅಲ್ಲೇ ಪೊದೆಯಾಗ ನೀವು ಹೋಗೋದನ್ನೇ ಕಾಯ್ತಿರ್ತಾಳ. ಮೈಮ್ಯಾಲೆ ಗಾಯ ಇದ್ರ ಮಾತ್ರ ಗಾಳಿಯಾಡೋ ರಟ್ಟಿನ ಡಬ್ಬಿಯಾಗ ಬೆಚ್ಚಗೆ ಇಟ್ಟು, ಹಾಲು ಬ್ರೆಡ್ಡು ಏನೂ ಕೊಡದೆ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡ್ರಿ. ಸೆಲ್ಫಿ ಬೇಕಾದ್ರ ಯಜಮಾನ್ರು ಆ ಕಡೆ ಇದಾರ, ಹೋಗ್ರಿ.