ಲಿನಕ್ಸ್ ಭಾವ

ನೆಂಟರ ಪೈಕಿ ಒಬ್ಬರಾದರೂ ಲಿನಕ್ಸ್ ಭಾವ ಇದ್ದೇ ಇರುತ್ತಾರೆ. ಹಬ್ಬಕ್ಕೆ ಬಂದವರು ಕೈಕಾಲು ತೊಳೆಯುವ ಮುಂಚೆಯೇ ಲ್ಯಾಪ್‌ಟಾಪಿನ ಕ್ಷೇಮ ವಿಚಾರಿಸುತ್ತಾರೆ. "ಚೆನ್ನಾಗಿದೆ ಭಾವ" ಅಂದರೆ ಮುಖ ಸಪ್ಪಗಾಗುತ್ತದೆ. "ಆನ್ ಮಾಡಿದ್ರೆ ಲೋಗೋ ಬರುತ್ತೆ, ಆಮೇಲೆ ಬರೀ ಕಪ್ಪು" ಅಂದು ನೋಡಿ. ಹೋಳಿಗೆ ಎಲೆಯಲ್ಲೇ ಆರುತ್ತದೆ.

ಮೊದಲು ಜಾತಕ ಕೇಳುತ್ತಾರೆ: "ಗ್ರಾಫಿಕ್ಸ್ ಕಾರ್ಡ್ ಯಾವ್ದು?" ಎನ್‌ವಿಡಿಯಾ ಎಂದರೆ ಒಂದು ನಿಟ್ಟುಸಿರು, ಅದರ ಹಿಂದೆಯೇ ಪುರಾಣ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಆ ಕಂಪನಿಗೆ ನಡುಬೆರಳು ತೋರಿಸಿದ ಪ್ರಸಂಗ. ಮಕ್ಕಳಿದ್ದಾರೆಂದು ಭಾವ ಅದನ್ನು ತೋರುಬೆರಳಿನಲ್ಲೇ ಅಭಿನಯಿಸುತ್ತಾರೆ. 2022ರಲ್ಲಿ ಕಂಪನಿ ಡ್ರೈವರಿನ ಕರ್ನಲ್ ಭಾಗದ ಸೋರ್ಸ್ ಬಿಚ್ಚಿಟ್ಟಿತಲ್ಲ ಅಂದರೆ, "ಹೂಂ, ಅದೂ ಹೊಸ ಕಾರ್ಡಿಗೆ ಮಾತ್ರ!"

ಆಮೇಲೆ ಎಸ್ಕೇಪ್ ಕುಟ್ಟಿ ಗ್ರಬ್ ಮೆನು ಹಿಡಿಯುತ್ತಾರೆ. 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ತುದಿಗೆ ಹೋಗಿ, 'ಕ್ವಯಟ್ ಸ್ಪ್ಲಾಷ್' ಅಳಿಸಿ 'ನೋಮೋಡ್‌ಸೆಟ್' ಬರೆದು ಎಫ್10. ಅಂದರೆ, "ಕರ್ನಲ್ಲಪ್ಪಾ, ಗ್ರಾಫಿಕ್ಸ್ ತಂಟೆಗೆ ಹೋಗಬೇಡ, ಫರ್ಮ್‌ವೇರ್ ಕೊಟ್ಟ ಪರದೆಯಲ್ಲೇ ಹೇಗೋ ಸುಧಾರಿಸು." ಅಕ್ಷರ ಸ್ವಲ್ಪ ಮಬ್ಬಾದರೂ ಪರದೆ ಬಂದೇಬಿಡುತ್ತದೆ.

"ಸರಿಹೋಯ್ತಲ್ಲ, ಊಟಕ್ಕೆ ಬನ್ನಿ" ಎನ್ನುತ್ತಾಳೆ ಅಕ್ಕ.

"ಇದು ಸರಿಹೋಗಿದ್ದಲ್ಲ ಕಣೇ. ಕಾರಣ ಸಿಗಬೇಕು."

ಮೆನುವಿನಲ್ಲೇ ಹಳೆಯ ಕರ್ನಲ್ ಆರಿಸಿಕೊಂಡಿದ್ದರೆ ಬಹುಶಃ ಪಾಯಸದ ಹೊತ್ತಿಗೆ ಮುಗಿಯುತ್ತಿತ್ತು. ಅದು ಭಾವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದರಲ್ಲಿ ಸ್ವಾರಸ್ಯ ಎಲ್ಲಿದೆ? ಲಾಗ್ ತೆರೆದು ಸಾಲು ಸಾಲಾಗಿ ಓದುತ್ತಾರೆ: ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂದಿದೆ, ಅದಕ್ಕೆ ಡ್ರೈವರೂ ಸಿದ್ಧವಾಗಿದೆ, ಆದರೆ ಅದರ ಸಹಿಯ ಗುರುತಿಲ್ಲವೆಂದು ಸೆಕ್ಯೂರ್ ಬೂಟ್ ಬಾಗಿಲಲ್ಲೇ ತಡೆದಿದೆ. ಈಗ ಲ್ಯಾಪ್‌ಟಾಪಿನ ಹುಡುಗನ ವಿಚಾರಣೆ.

"ನೀಲಿ ಪರದೆ ಬಂದಾಗ ಏನು ಒತ್ತಿದೆ?"

"ಕಂಟಿನ್ಯೂ ಬೂಟ್ ಅಂತ ಇತ್ತು ಮಾವ, ಒತ್ತಿದೆ."

"ಎನ್‌ರೋಲ್ ಒತ್ತಬೇಕಿತ್ತಲ್ಲೋ! ಕೀಲಿ ನೋಂದಾಯಿಸು ಅಂತ ಬಾಯಿಬಿಟ್ಟು ಕೇಳಿದೆ ಪಾಪ!"

ಕೀಲಿ ನೋಂದಣಿಯಾಗಿ ಪರದೆ ಫಳಫಳ ಹೊಳೆಯುವಾಗ ಸಂಜೆಯ ಕಾಫಿ ಸಮಯ. ಹುಡುಗ ಆಟ ಶುರುಮಾಡುತ್ತಾನೆ. ಇಷ್ಟಾದ ಮೇಲೆ ಭಾವನಿಗೆ ಮಾಡಲು ಏನೂ ಉಳಿಯುವುದಿಲ್ಲ, ಅದೇ ಕಷ್ಟ. "ಈಗ ವೇಲ್ಯಾಂಡಾ, ಎಕ್ಸ್ಆರ್ಗಾ? ಒಂದ್ನಿಮಿಷ ಬದಲಾಯಿಸಿ ನೋಡೋಣ್ವಾ?" ಎಂದು ಮತ್ತೆ ಕುರ್ಚಿ ಎಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ಅಕ್ಕ ಹೊರಗೆ ಆಟೋ ಹತ್ತಿ ಕೂತಾಗಿರುತ್ತದೆ.