ಸಾದಾ ಮೇಲೋ, ಸಿಂಗಾರದ ಮೇಲೋ?

ಹಳೇಕೋಟೆಯ ನಮ್ಮ ಚಿಕ್ಕಪ್ಪ ಇಮೇಲನ್ನು ಬರೆಯುವುದಿಲ್ಲ, ಅಲಂಕರಿಸುತ್ತಾರೆ. ಊರ ಜಾತ್ರೆಗೆ ಕರೆಯುವ ಮೇಲಿನಲ್ಲಿ ದೇವರ ಹೆಸರು ಕೆಂಪು, ತಾರೀಖು ಹಸಿರು, 'ತಪ್ಪದೆ ಬನ್ನಿ' ಎಂಬುದು ದಪ್ಪಕ್ಷರ, ಅದರ ಕೆಳಗೊಂದು ಗೆರೆ. ನನಗೋ ಸಾದಾ ಅಕ್ಷರವೇ ಪ್ರಾಣ. ನನ್ನ ಆಮಂತ್ರಣ ಓದಿದವರು ಕರೆಂಟ್ ಬಿಲ್ ಬಂತೆಂದು ಗಾಬರಿಯಾಗುತ್ತಾರಂತೆ.

ಹಿಂದೆ ಚಿಕ್ಕಪ್ಪನ ಕೈಯೇ ಮೇಲಾಗಿತ್ತು. ನುಡಿಯಂಥ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಸಾದಾ ಮೇಲಿನಲ್ಲಿ ಫಾಂಟಿನ ಹೆಸರು ಉದುರಿಹೋಗಿ ಮಾಲೀಕರೇ ಬಾಗಿಲು ತೆರೆಯುತ್ತಿದ್ದರು: ಟೋಪಿ ಹಾಕಿದ 'ಎ', ಎರಡು ಚುಕ್ಕೆ ಹೊತ್ತ 'ಒ'! ಸಿಂಗಾರದ ಮೇಲೂ ಆ ಕಡೆ ಅದೇ ಫಾಂಟ್ ಇದ್ದರಷ್ಟೇ ಬದುಕುತ್ತಿತ್ತು. ಅಮೆರಿಕದ ಅಣ್ಣ ಫೋನ್ ಮಾಡಿ, "ಏನೋ, ಫ್ರೆಂಚ್ ಕಲಿತ್ಯಾ?" ಅಂದಿದ್ದ.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸೈಟು ಕೊಟ್ಟಿತ್ತು. ನಾವು ಗೃಹಪ್ರವೇಶ ಮಾಡಿದ್ದು ಮಾತ್ರ ನಿಧಾನವಾಗಿ. ಈಗ ಸಾದಾ ಮೇಲಿನಲ್ಲೂ ಒತ್ತಕ್ಷರ ಸಮೇತ ಕನ್ನಡ ಕ್ಷೇಮ.

ಇನ್ನೊಂದು ತಮಾಷೆ: ಬಣ್ಣದ ಮೇಲ್ ಕಳಿಸಿದರೆ ಅನೇಕ ಮೇಲ್ ತಂತ್ರಾಂಶಗಳು ಅದರ ಜೊತೆಗೇ ಸಾದಾ ಪ್ರತಿಯೊಂದನ್ನೂ ಗುಟ್ಟಾಗಿ ಕಳಿಸುತ್ತವೆ. ಇದನ್ನು ಹೆಮ್ಮೆಯಿಂದ ವಿವರಿಸಿದೆ. "ಹಂಗಾದ್ರೆ ನಿನ್ನ ಮೇಲ್ ನಾನೇ ಕಳಿಸ್ತಿದೀನಿ ಬಿಡು, ನೀನ್ಯಾಕೆ ಕಷ್ಟಪಡ್ತೀಯ?" ಅಂದರು ಚಿಕ್ಕಪ್ಪ.

ಜಾತ್ರೆಗೆ ಕರೆಯುವಾಗ ಧಾರಾಳವಾಗಿ ಬಣ್ಣ ಬಳಿಯಿರಿ ಸ್ವಾಮಿ. ರಜೆ ಅರ್ಜಿಯಲ್ಲಿ 'ಜ್ವರ'ಕ್ಕೆ ಮಾತ್ರ ಗುಲಾಬಿ ಬಣ್ಣ ಬೇಡ.