ಮೂಲಂಗಿ ಗಣಪತಿ, ಊಟ ಮಾಡುವ ಗುರುಗಳು

ಆ ಬಟ್ಟೆ ಆಮೇಲೆ ಹರವೀರಂತೆ, ಸ್ವಲ್ಪ ಕಾಂಪೌಂಡ್ ಹತ್ರ ಬನ್ನಿ ಅಕ್ಕಾ. ಮಗ ಟೋಕಿಯೋಗೆ ಟಿಕೆಟ್ ಮಾಡಿಸಿದಾನಂತಲ್ಲ, ನಿಮ್ಮೆಜಮಾನ್ರು ಹಾಲು ತರೋವಾಗ ಹೇಳಿದ್ರು. ಹೋದಷ್ಟು ದಿನವೂ ಅವನ ಫ್ಲಾಟಲ್ಲಿ ಸಾರು-ಪಲ್ಯ ಮಾಡ್ಕೊಂಡು ಕೂರಬೇಡಿ. ಮಗಳ ಬಾಣಂತನಕ್ಕೆ ಹೋದಾಗ ನಾನು ನೋಡಿದ್ದು ಹೇಳ್ತೀನಿ.

ಅಸಾಕುಸಾದಲ್ಲಿ ದೊಡ್ಡ ಕೆಂಪು ಲಾಂದ್ರದ ಸೆನ್ಸೋಜಿ ದೇವಸ್ಥಾನಕ್ಕೆ ಎಲ್ಲರೂ ಹೋಗ್ತಾರೆ. ಅಲ್ಲಿಂದ ಸುಮಿದಾ ನದಿ ಪಕ್ಕದಲ್ಲೇ ಒಂದಿಷ್ಟು ನಡೆದ್ರೆ ಮತ್ಸುಚಿಯಾಮಾ ಅಂತ ಪುಟ್ಟ ದಿಬ್ಬ. ಅದರ ಮೇಲೆ ಗಣಪತಿ. ಅವರು ಶೋತೆನ್ ಅಂತಾರೆ. ಅವನಿಗೆ ಮೂಲಂಗಿ ಅಂದ್ರೆ ಪ್ರೀತಿ! ದೇವಸ್ಥಾನದಲ್ಲೇ ಮಾರ್ತಾರೆ, ತಗೊಂಡು ಒಪ್ಪಿಸಬೇಕು. ಮೂರ್ತಿಯನ್ನ ಮಾತ್ರ ಯಾರಿಗೂ ತೋರಿಸಲ್ಲ. ನಮ್ಮ ಗಣಪತಿ ಇಲ್ಲಿವರೆಗೂ ಬಂದಿದಾನಲ್ಲ ಅಂತ ನನಗೆ ಹಿಗ್ಗೋ ಹಿಗ್ಗು. ಆದ್ರೆ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿ ಅಕ್ಕಾ. ಆಫೀಸ್ ಬ್ಯಾಗು ಹಾಕ್ಕೊಂಡು ಬಂದು ತಲೆಬಾಗಿ ಹೋಗೋ ಹುಡುಗನಿಗೆ ಅವನು ಭಾರತದ ದೇವರಲ್ಲ, ತನ್ನ ಕೇರಿ ದೇವರು. ಸರಸ್ವತಿ ಬೆನ್‌ಜೈತೆನ್ ಆಗಿದಾಳೆ, ಯಮ ಎನ್ಮಾ ಆಗಿದಾನೆ, ಅವರನ್ನೆಲ್ಲ ಪಟ್ಟಿ ಮಾಡ್ಕೊಂಡು ಬಂದ್ರೆ ನಾವು ನಮ್ಮನ್ನೇ ನೋಡ್ಕೊಂಡು ಬಂದ ಹಾಗಾಗುತ್ತೆ. ಅವರು ಹೇಗೆ ನಂಬ್ತಾರೆ, ಹೇಗೆ ಸೇವೆ ಮಾಡ್ತಾರೆ, ಅದನ್ನ ನೋಡಬೇಕು.

ಅದಕ್ಕೇ ಕೋಯಾಸಾನ್ ತಪ್ಪಿಸಬೇಡಿ. ಓಸಾಕಾದ ನಂಬಾ ಸ್ಟೇಷನ್ನಿಂದ ರೈಲು, ಕೊನೇಲಿ ಬೆಟ್ಟ ಹತ್ತೋ ಕೇಬಲ್ ಕಾರು. ಕೂಕೈ ಅನ್ನೋ ಗುರುಗಳು ಚೀನಾಗೆ ಹೋಗಿ ಮಂತ್ರದೀಕ್ಷೆ ಪಡೆದು ಬಂದು 816ರಲ್ಲಿ ಕಟ್ಟಿದ ಕ್ಷೇತ್ರ ಅದು. ಆಮೇಲೆ ಅವರಿಗೆ ಕೋಬೋ ದೈಶಿ ಅಂತ ಬಿರುದು ಬಂತು. 835ರಲ್ಲಿ ತೀರಿಕೊಂಡರು ಅಂತ ಭಕ್ತರ ಮುಂದೆ ಅಂದುಬಿಟ್ಟೀರ, ಅಲ್ಲಿನ ಸಮಾಧಿಯೊಳಗೆ ಧ್ಯಾನದಲ್ಲಿ ಕೂತಿದಾರೆ ಅನ್ನೋದೇ ಅವರ ನಂಬಿಕೆ. ದಿನಾ ಎರಡು ಹೊತ್ತು ಬಿಸಿ ಊಟವನ್ನ ಮರದ ಪೆಟ್ಟಿಗೇಲಿಟ್ಟು ಹೊತ್ಕೊಂಡು ಹೋಗ್ತಾರೆ, ವರ್ಷಕ್ಕೊಮ್ಮೆ ಹೊಸ ವಸ್ತ್ರ ಅರ್ಪಿಸ್ತಾರೆ. ಸೇವೆ ಮಾಡೋ ಸನ್ಯಾಸಿ ಒಳಗೆ ಕಂಡದ್ದನ್ನ ಯಾರಿಗೂ ಹೇಳೋ ಹಾಗಿಲ್ಲ. ರಾಯರು 1671ರಲ್ಲಿ ಸಜೀವವಾಗಿ ಬೃಂದಾವನ ಪ್ರವೇಶ ಮಾಡಿದ್ರು, ಇವತ್ತಿಗೂ ಇದಾರೆ ಅಂತ ಮಂತ್ರಾಲಯಕ್ಕೆ ಹೋಗಿ ಕಷ್ಟ ಹೇಳ್ಕೊಳ್ಳೋ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಊಟದ ಪೆಟ್ಟಿಗೆ ಸಾಗಿಹೋಗೋವಾಗ ನನ್ನ ಕೈ ತಾನಾಗೇ ಜೋಡಿಸ್ಕೊಂಡಿತು.

ಆ ಸಮಾಧಿಗೆ ಹೋಗೋ ದಾರಿ ಎರಡು ಕಿಲೋಮೀಟರು, ಎರಡೂ ಕಡೆ ಮುಗಿಲೆತ್ತರದ ಸೀಡರ್ ಮರ, ಅದರ ಬುಡದಲ್ಲೆಲ್ಲ ಗೋರಿ, ಸ್ಮಾರಕದ ಕಲ್ಲು. ಎರಡು ಲಕ್ಷಕ್ಕೂ ಹೆಚ್ಚಂತೆ. ಎಷ್ಟೋ ಕಲ್ಲಿನ ಮೇಲೆ ಪಂಚಭೂತಗಳ ಐದು ಬೀಜಾಕ್ಷರ, ನಮ್ಮ ಕಡೆಯಿಂದಲೇ ಹೋದ ಸಿದ್ಧಂ ಲಿಪೀಲಿ. ಓದಾ ನೊಬುನಾಗಾ ಅನ್ನೋ ದೊಡ್ಡ ದೊರೆಯ ಕಲ್ಲಿದೆ. 1582ರಲ್ಲಿ ಅವನಿಗೇ ದ್ರೋಹ ಬಗೆದ ಮಿತ್ಸುಹಿದೆಯ ಕಲ್ಲೂ ಅದೇ ಕಾಡಲ್ಲಿದೆ. ಬೇರೆ ಪಂಥದ ಗುರುಗಳಾದ ಹೋನೆನ್, ಶಿನ್‌ರಾನ್ ಅವರಿಗೂ ಜಾಗ ಕೊಟ್ಟಿದಾರೆ. ಇನ್ನೊಂದು ಕೇಳಿ, ಗೆದ್ದಲಿಗೆ ಔಷಧಿ ಹೊಡೆಯೋರ ಸಂಘದವರು ತಾವು ಕೊಂದ ಗೆದ್ದಲುಗಳಿಗೋಸ್ಕರ ಒಂದು ಕಲ್ಲು ನೆಡಿಸಿದಾರೆ, ನೆಮ್ಮದಿಯಾಗಿ ಮಲಗಿ ಅಂತ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಹೊಟ್ಟೆಪಾಡಿಗೆ ಮಾಡಿದ ಹಿಂಸೆಗೂ ಕ್ಷಮೆ ಕೇಳೋ ಮನಸ್ಸು ಎಷ್ಟು ದೊಡ್ಡದು ಅಲ್ವಾ?

ಒಂದು ಮಾತ್ರ ನನಗೆ ನೋವಾಯ್ತು. ಸರ್ಕಾರ 1872ರಲ್ಲಿ ನಿಷೇಧ ತೆಗೆಯೋವರೆಗೂ ಹೆಂಗಸರು ಆ ಕ್ಷೇತ್ರದೊಳಗೆ ಕಾಲಿಡೋ ಹಾಗಿರಲಿಲ್ಲ. ಹೊರಗಿನ ನ್ಯೋನಿನ್‌ದೋ ಅನ್ನೋ ಮಂಟಪದಲ್ಲಿ ಕೈಮುಗಿದು, ಬೆಟ್ಟದ ಅಂಚಲ್ಲೇ ಪ್ರದಕ್ಷಿಣೆ ಹಾಕಿ ವಾಪಸ್ ಹೋಗ್ತಿದ್ರು. ಆ ಮಂಟಪ ಇನ್ನೂ ಉಳಿದಿದೆ. ನೀವೂ ಅಲ್ಲಿ ಹೋಗಿ ಒಂದು ನಿಮಿಷ ನಿಂತು ಬನ್ನಿ.

ಜಪಾನಲ್ಲಿ ಎಲ್ಲ ದೇವರೂ ಹೊಂದ್ಕೊಂಡು ಇದಾರೆ ಅಂತಾರಲ್ಲ, ಅದು ಅರ್ಧ ನಿಜ. ನಾಗಸಾಕಿಗೆ ಹೋದ್ರೆ ಇನ್ನರ್ಧ ಗೊತ್ತಾಗುತ್ತೆ. 1614ರಲ್ಲಿ ದೇಶಕ್ಕೆಲ್ಲ ಕ್ರೈಸ್ತ ಧರ್ಮ ನಿಷೇಧ ಮಾಡಿದ ಮೇಲೆ ಅಲ್ಲಿನ ಬಡ ರೈತರು, ಬೆಸ್ತರು, ಪಾದ್ರಿಗಳೇ ಇಲ್ಲದೆ ತಲೆತಲಾಂತರ ಗುಟ್ಟಾಗಿ ಪ್ರಾರ್ಥನೆ ಉಳಿಸ್ಕೊಂಡ್ರು. ಎದುರಿಗೆ ಇಟ್ಕೊಂಡಿದ್ದು ಬೌದ್ಧರ ಕನ್ನೋನ್ ಮೂರ್ತಿ, ಮನಸ್ಸಲ್ಲಿ ಮೇರಿ. 1865ರಲ್ಲಿ ಓಉರಾ ಚರ್ಚಿಗೆ ಬಂದು ಫ್ರೆಂಚ್ ಪಾದ್ರಿಗೆ ಮೆಲ್ಲಗೆ, ನಾವೂ ನಿಮ್ಮವರೇ ಅಂದ್ರು. ಅದಾದ ಮೇಲೂ ಮೂರು ಸಾವಿರಕ್ಕಿಂತ ಹೆಚ್ಚು ಜನರನ್ನ ಊರು ಬಿಡಿಸಿದ್ರು. 1873ಕ್ಕೆ ನಿಷೇಧ ಹೋಯ್ತು.

ಶಿಕೋಕು ಬಗ್ಗೆ ಕೇಳಿದ್ರಲ್ಲ. ದ್ವೀಪದ ಸುತ್ತ 88 ದೇವಸ್ಥಾನ, ಸುಮಾರು 1200 ಕಿಲೋಮೀಟರು. ಬಿಳಿ ಬಟ್ಟೆ ತೊಟ್ಟು, ಕೋಲು ಹಿಡಿದು ನಡೀತಾರೆ. ಕೋಲೇ ಕೋಬೋ ದೈಶಿ, ಜೊತೆಗೆ ನಡೀತಿದಾರೆ ಅಂತ ಭಾವನೆ. ಸೇತುವೆ ಮೇಲೆ ಕೋಲು ಊರೋದಿಲ್ಲ, ಕೆಳಗೆ ಗುರುಗಳು ಮಲಗಿದ್ರೆ ಎಚ್ಚರ ಆಗುತ್ತೆ ಅಂತ! ದಾರೀಲಿ ಊರಿನವರು ಕಿತ್ತಳೆಹಣ್ಣು, ಚಹಾ ಕೊಡ್ತಾರೆ, ಅದೂ ಅವರಿಗೆ ಸೇವೆಯೇ, ಸಂಕೋಚ ಪಟ್ಕೊಂಡು ಬೇಡ ಅನ್ನಬೇಡಿ. ನಿಮ್ಮ ಮಂಡಿ ನೋವಿಗೆ ಪೂರ್ತಿ ಬೇಡ, ತೊಕುಶಿಮಾ ಕಡೆ ಮೊದಲ ಐದು ದೇವಸ್ಥಾನ ಹತ್ರ ಹತ್ರ ಇವೆ, ನಿಧಾನಕ್ಕೆ ಒಂದು ದಿನದಲ್ಲಿ ಆಗುತ್ತೆ.

ಊಟದ ಚಿಂತೆ ಬಿಡಿ. ಕೋಯಾದಲ್ಲಿ ಮಠಗಳಲ್ಲೇ ಉಳಿಯಬಹುದು. ಅಲ್ಲಿನ ಅಡುಗೆಗೆ ಮೀನು-ಮಾಂಸ ಇರಲಿ, ಈರುಳ್ಳಿ-ಬೆಳ್ಳುಳ್ಳಿಯೂ ಸೇರಿಸಲ್ಲ. ಎಳ್ಳು ರುಬ್ಬಿ ಗಟ್ಟಿ ಮಾಡಿದ ಒಂದು ತೋಫು ಕೊಡ್ತಾರೆ, ನಿಮಗೆ ಇಷ್ಟ ಆಗುತ್ತೆ. ರೂಮು ಮೊದಲೇ ಹಿಡಿಸಬೇಕು, ಇವತ್ತು ಮಗ ಫೋನ್ ಮಾಡಿದಾಗಲೇ ಹೇಳಿಬಿಡಿ. ಬೆಳಗಿನ ಪೂಜೆಗೆ ಬೇಗ ಏಳಬೇಕು, ಚಳಿ ಕೊರೆಯುತ್ತೆ. ನನ್ನ ಹತ್ರ ಉಣ್ಣೆ ಕಾಲುಚೀಲ ಇದೆ, ಸಂಜೆ ತಂದ್ಕೊಡ್ತೀನಿ.